ಸಸಿಗಳ ನೆರಳು

ಬೇಸಿಗೆ ಏರುತ್ತಿತ್ತು. ಮೊದಲ ಮಳೆ ಬೀಳುವ ಹೊತ್ತಿಗೆ ನಾಟಿಗೆ ಬೇಕೆಂದು ಮೆಣಸಿನ ಸಸಿ, ಬದನೆ ಸಸಿಗಳಿಗೆ ಗಿರಾಕಿಗಳು ಆಗಲೇ ಹೇಳಿಹೋಗಿದ್ದರು. ಸಸಿ ತೋಟದ ಹಿಂಬದಿಯ ಬಯಲಿನಲ್ಲಿ ಹೆಂಗಸರು ಇಟ್ಟಿಗೆಗಳ ಮೇಲೆ ಕುಳಿತು ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಮಣ್ಣು, ಮರಳು, ಗೊಬ್ಬರ ಕಲೆಸಿ, ನೀರು ಚಿಮುಕಿಸಿ, ಚೀಲದ ಮೂಲೆಗಳಿಗೆ ಹೆಬ್ಬೆರಳಿನಿಂದ ಒತ್ತಿ, ನೆಲಕ್ಕೆ ಒಮ್ಮೆ ಕುಟ್ಟಿ ಸಾಲಿಗೆ ಇಡುವುದು. ಕೈಗೆ ಅಭ್ಯಾಸವಾದ ಕೆಲಸ. ನೆತ್ತಿಯ ಮೇಲಿನ ಬಿಸಿಲು ಮಾತ್ರ ಯಾರಿಗೂ ಅಭ್ಯಾಸವಾಗಿರಲಿಲ್ಲ.

ಮುಂಬದಿಯಲ್ಲಿ ಹಸಿರು ಪರದೆಯ ಚಪ್ಪರದಡಿ ಸಸಿಗಳು ತಣ್ಣಗಿದ್ದವು. ನಾಟಿಗೆ ಹೋಗುವ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಇಡುವಂತಿಲ್ಲ. ಮೊದಲ ದಿನ ಎಳೆಬಿಸಿಲು ತೋರಿಸಿ ಒಳಗೆ ತರಬೇಕು, ಮರುದಿನ ಇನ್ನಷ್ಟು ಹೊತ್ತು. ಹೀಗೆ ಕಾಂಡ ಬಲಿಯುತ್ತದೆ. ಈ ಹದ ಬಲ್ಲವರಲ್ಲಿ ತೋಟದ ಯಜಮಾನನನ್ನು ಮೀರಿಸುವವರಿರಲಿಲ್ಲ. ಹೊತ್ತು ನೆತ್ತಿಗೇರುವ ಮುಂಚೆ ತಾನೇ ಓಡಾಡಿ ಟ್ರೇಗಳನ್ನು ಒಳಗೆ ಸಾಗಿಸುವನು. ಒಂದು ಎಲೆ ಜೋತರೂ ಮಗುವಿಗೆ ಜ್ವರ ಬಂದವನಂತೆ ಆಡುವನು.

ಹೆಂಗಸರಿಗೂ ಒಂದು ಪರದೆ ಕಟ್ಟಿಸು ಎಂದು, ಅವರ ಜೊತೆಯಲ್ಲೇ ಕುಳಿತು ಮಣ್ಣು ತುಂಬುವ ಅವನ ತಂಗಿ ಬೇಸಿಗೆ ಹುಟ್ಟಿದಾಗಿನಿಂದ ಹೇಳುತ್ತಿದ್ದಳು.

"ಬಿಸಿಲು ಕಂಡ ಸಸಿನೇ ಹೊಲದಲ್ಲಿ ನಿಲ್ಲೋದು," ಎನ್ನುವನು ಅಣ್ಣ. "ಮನುಷ್ಯರೂ ಅಷ್ಟೇ. ಕಷ್ಟ ಬಂದಾಗ ನಗ್ತಾ ನಿಂತ್ಕೋಬೇಕು, ಗಟ್ಟಿಯಾಗ್ಬೇಕು." ಪೇಟೆಯಲ್ಲಿ ಯಾರದೋ ಭಾಷಣ ಕೇಳಿ ಬಂದಾಗಿನಿಂದ ಈ ಮಾತು ಅವನಿಗೆ ಬಾಯಿಪಾಠವಾಗಿತ್ತು.

"ನಾವು ಎಷ್ಟು ಗಟ್ಟಿಯಾಗಿದೀವಿ ಅಂದ್ರೆ, ಹೊಲದಲ್ಲಿ ನೆಟ್ರೆ ಬೇರು ಬಿಡ್ತೀವಿ," ಎಂದಳು ಅವನು ಆಚೆ ಹೋದ ಮೇಲೆ ಒಬ್ಬಳು. ಅವಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅಂದು ಮಧ್ಯಾಹ್ನ ದೊಡ್ಡಮ್ಮ ಕುಳಿತಲ್ಲೇ ಪಕ್ಕಕ್ಕೆ ವಾಲಿದಳು. ಅವಳು ಬೇಲಿಯಾಚೆಯ ಮನೆಯವಳು, ಎಲ್ಲರಿಗೂ ದೊಡ್ಡಮ್ಮ. ಯಜಮಾನನಿಗೆ ಸ್ವಂತ ಜಾಗ, ಚಪ್ಪರ ಏನೂ ಇಲ್ಲದ ಕಾಲದಲ್ಲಿ ಅವನ ಮೊದಲ ಸಸಿಗಳು ಬೆಳೆದದ್ದು ಅವಳ ಅಂಗಳದ ಮರದಡಿಯಲ್ಲಿ. ಅವನಿಲ್ಲದ ದಿನ ನೀರು ಹಾಕಿದವಳೂ ಅವಳೇ.

ತಂಗಿಯೂ ಮಾತಿನಮಲ್ಲಿಯೂ ಅವಳನ್ನು ಎತ್ತಿ ತಂದು ಹಸಿರು ಪರದೆಯಡಿ ಮಲಗಿಸಿ, ಮುಖಕ್ಕೆ ನೀರು ತಟ್ಟಿದರು. ಅವಳು ಕಣ್ಣು ಬಿಡುವ ಹೊತ್ತಿಗೆ ಯಜಮಾನ ಓಡಿ ಬಂದ.

"ಟ್ರೇಗಳ ಮಧ್ಯೆ ಯಾಕೆ ಮಲಗಿಸಿದ್ರಿ? ಸಸಿ ಮುರಿದೀತು, ನೋಡ್ಕೊಳ್ಳಿ."

ಆಮೇಲೆ ತಂಗಿಯ ಕಡೆ ತಿರುಗಿ, ಮಲಗಿದವಳಿಗೆ ಕಿವಿಯಿಲ್ಲವೇನೋ ಎಂಬಂತೆ, "ನಾಳೆಯಿಂದ ಬರೋದು ಬೇಡ ಅನ್ನು. ಮನಸ್ಸು ಗಟ್ಟಿ ಇಲ್ದೋರಿಗೆ ಇದು ಆಗೋ ಕೆಲಸ ಅಲ್ಲ," ಎಂದ.

ದೊಡ್ಡಮ್ಮ ಎದ್ದು ಕುಳಿತಳು. ಬಟ್ಟೆಗೆ ಮೆತ್ತಿದ ಮಣ್ಣು ಕೊಡವಿಕೊಂಡಳು. ತನ್ನ ಮೊಣಕೈ ತಾಗಿ ಓರೆಯಾಗಿದ್ದ ಟ್ರೇಯೊಂದನ್ನು ನೇರಮಾಡಿ, ಯಾರ ಕಡೆಗೂ ನೋಡದೆ ಮನೆಗೆ ನಡೆದಳು.

ಮರುದಿನ ಅವಳ ಇಟ್ಟಿಗೆ ಖಾಲಿ ಇತ್ತು. ತಂಗಿಯ ಕೈ ಮಣ್ಣಿಗೆ ಹೋಗಲಿಲ್ಲ. ಅಣ್ಣ ಪೇಟೆಗೆ ಹೊರಟದ್ದೇ ತಡ, ಏಣಿ ತಂದು ಮೆಣಸಿನ ಸಸಿಗಳ ಮೇಲಿದ್ದ ಪರದೆಯನ್ನು ಬಿಚ್ಚಿದಳು. ಮಾತಿನಮಲ್ಲಿ ಅಂದು ಒಂದು ಮಾತೂ ಆಡದೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಹಿಂಬದಿಯಲ್ಲಿ ಹೆಂಗಸರು ಕೂರುವ ಜಾಗದ ಮೇಲೆ ಕಟ್ಟಿದರು.

ಉರಿಬಿಸಿಲಿನಲ್ಲಿ ಅಣ್ಣ ಬಂದ. "ಪರದೆ ಎಲ್ಲೇ?"

"ಅಲ್ಲಿ."

"ಸಸಿ ಸುಟ್ಟು ಹೋಗ್ತವೆ. ತಲೆ ಕೆಟ್ಟಿದೆಯಾ ನಿಂಗೆ?"

"ಗಟ್ಟಿಯಾಗ್ತವೆ ಬಿಡಣ್ಣ. ನಗ್ತಾ ನಿಂತ್ಕೊಳ್ಳೋಕೆ ಹೇಳು."

"ಅವಿನ್ನೂ ಎಳೇವು ಕಣೆ. ಹದ ನೋಡಿ, ದಿನಾ ಇಷ್ಟಿಷ್ಟೇ..." ಎಂದವನು ಅಲ್ಲಿಗೇ ನಿಂತ.

"ಹೇಳು, ಯಾಕೆ ನಿಲ್ಲಿಸ್ದೆ? ಮೆಣಸಿನ ಗಿಡಕ್ಕೆ ಹದ ಬೇಕು, ದೊಡ್ಡಮ್ಮಂಗೆ ಬೇಡ. ನಿನ್ನ ಸಸಿ ಅವಳ ಮರದ ಕೆಳಗಿದ್ದಾಗ, ಬಿಸಿಲಿಗೆ ಹೋಗಿ ಗಟ್ಟಿಯಾಗು ಅಂತ ಅವಳು ಅಂದಿದ್ಲಾ? ಬಾಡಿದ ಸಸಿಗೆ ನೀರು ಹಾಕ್ತೀಯ. ಇಷ್ಟು ವರ್ಷ ದುಡಿದೋಳು ಒಂದು ದಿನ ವಾಲಿದ್ರೆ ಕಿತ್ತು ಎಸೀತೀಯ. ನೆರಳಲ್ಲಿ ನಿಂತು ಬಿಸಿಲಿನ ಬುದ್ಧಿ ಹೇಳೋದು ಸುಲಭ ಅಣ್ಣ."

ಅವನು ಟ್ರೇಗಳನ್ನು ಒಂದೊಂದಾಗಿ ಎತ್ತಿ ಮನೆಯೊಳಗೆ ಸಾಗಿಸತೊಡಗಿದ. ಸ್ವಲ್ಪ ಹೊತ್ತು ನೋಡಿ ತಂಗಿಯೂ ಕೈಹಾಕಿದಳು. ಸಸಿಗಳದೇನು ತಪ್ಪು?

ಸಂಜೆ ಅವನು ಹೊಸ ಪರದೆ ತಂದ. ಹಿಂಬದಿಯ ಬಯಲಿನಲ್ಲಿ ಕಂಬ ನೆಟ್ಟು, ಗಾಳಿ ಆಡುವಷ್ಟು ಎತ್ತರಕ್ಕೆ ಬಿಗಿಯಾಗಿ ಕಟ್ಟಿದ. ಹಳೆಯದು ಮತ್ತೆ ಮೆಣಸಿನ ಸಸಿಗಳ ಮೇಲೇರಿತು. ಕೆಲಸ ಮುಗಿಸಿ, ಕೈ ತೊಳೆಯುತ್ತಾ, "ದೊಡ್ಡಮ್ಮಂಗೆ ನಾಳೆ ಬರೋಕೆ ಹೇಳು," ಎಂದ.

"ನೀನೇ ಹೇಳು."

"ಪರದೆ ಕಟ್ಟಿದೀನಲ್ಲ. ಇನ್ನೇನು ಮಾಡ್ಬೇಕು?"

"ಬರಬೇಡ ಅಂದಿದ್ದು ನಿನ್ನ ಬಾಯಿ. ಬಾ ಅನ್ನೋದೂ ಅದೇ ಬಾಯಿಂದ ಬರಲಿ."

ಹಾಗೆಂದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ಬೇಲಿ ದಾಟಿ ಹೋದಳು. ದೊಡ್ಡಮ್ಮ ಮರದಡಿ ಕುಳಿತು ಕಾಳು ಸುಲಿಯುತ್ತಿದ್ದಳು.

"ಅಣ್ಣ ಪರದೆ ಕಟ್ಟಿದಾನೆ, ದೊಡ್ಡಮ್ಮ."

"ಇಲ್ಲಿಂದ್ಲೇ ನೋಡ್ದೆ. ಒಳ್ಳೇದಾಯ್ತು, ಮಿಕ್ಕೋರ ತಲೆ ಉಳೀತು." ಕಾಳು ಬಿಡಿಸುತ್ತಲೇ ಕೇಳಿದಳು: "ನಂಗೇನಾದ್ರೂ ಹೇಳಿ ಕಳಿಸಿದ್ನಾ?"

ತಂಗಿ ತಲೆ ತಗ್ಗಿಸಿದಳು.

"ಹಂಗಾದ್ರೆ ಬರಲ್ಲ ಕಣಮ್ಮ. ಬಿಸಿಲಿಗೆ ಬಿದ್ದೆ, ಎದ್ದೆ, ಅದು ಮುಗೀತು. ಮನಸ್ಸು ಗಟ್ಟಿ ಇಲ್ಲ ಅಂದ್ನಲ್ಲ. ಎಷ್ಟು ಗಟ್ಟಿ ಅಂತ ಅವನೂ ನೋಡ್ಲಿ."

ಮಳೆ ಬಂತು. ಸಸಿಗಳು ಹೊಲ ಸೇರಿದವು, ಹೊಸ ಬೀಜಗಳು ಟ್ರೇ ಸೇರಿದವು. ಹೊಸ ಪರದೆಯಡಿ ಒಂದು ಇಟ್ಟಿಗೆ ಖಾಲಿಯೇ ಇದೆ. ಜಾಗ ಸಾಲದಿದ್ದರೂ ಅದರ ಮೇಲೆ ಯಾರೂ ಕೂರುವುದಿಲ್ಲ. ಟ್ರೇ ಹೊತ್ತು ಓಡಾಡುವಾಗ ಯಜಮಾನ ಅದನ್ನು ಸುತ್ತಿಕೊಂಡು ಹೋಗುತ್ತಾನೆ.

ದೊಡ್ಡಮ್ಮನ ಮನೆ ಬೇಲಿಯಾಚೆಯೇ, ಕೂಗಿದರೆ ಕೇಳುವಷ್ಟು ದೂರ. ಅವನು ಇನ್ನೂ ಕೂಗಿಲ್ಲ.