ಕತ್ತರಿಸದೆ ಉಳಿದ ಗೆರೆ

ಎಂಜಿನ್ ಆರಿಸದೆಯೇ ಮರ್ವಿನ್ ಫೊರ್ಟೇನ್ ಒಂದು ಕಾಲನ್ನು ಜಲ್ಲಿಯ ಮೇಲೆ ಊರಿ ನಿಂತ. ಗೇಟು ತೆರೆದಿತ್ತು. ಮೂರು ವರ್ಷಗಳಲ್ಲಿ ಅವನು ಈ ಗೇಟನ್ನು ಮುಚ್ಚಿದ್ದೇ ಕಂಡಿದ್ದ. ಇಳಿದು ತೆರೆದು, ಬೈಕನ್ನು ಒಳಗೆ ತಂದು, ಮತ್ತೆ ಇಳಿದು ಮುಚ್ಚುತ್ತಿದ್ದ. ಮುಚ್ಚಿದ್ದನ್ನು ಮುಚ್ಚಿಯೇ ಹೋಗಬೇಕು, ತೆರೆದದ್ದನ್ನು ತೆರೆದೇ ಬಿಡಬೇಕು. ದಕ್ಷಿಣ ಆಫ್ರಿಕಾದ ಕಾರೂ ಎಂಬ ಈ ಒಣ ಸೀಮೆಯಲ್ಲಿ ಬೈಕ್ ಓಡಿಸುವ ಯಾರೂ ಇದನ್ನು ಮೀರುವುದಿಲ್ಲ. ಅವನ ಕೈ ಮಾತ್ರ ಗೇಟಿನ ಕಬ್ಬಿಣದ ಕಡೆಗೆ ಹೋಗಿ, ಬಿಸಿಲಿಗೆ ಕಾದಿದ್ದ ಸರಳನ್ನು ಮುಟ್ಟಿ, ಹಿಂದೆ ಬಂತು.

ನೆಲದ ಮೇಲೆ ಚಕ್ರಗಳ ಗುರುತುಗಳಿದ್ದವು. ಒಂದಲ್ಲ, ಎರಡಲ್ಲ. ಒಂದರ ಮೇಲೊಂದು ಹೆಣೆದುಕೊಂಡು ಮನೆಯ ಕಡೆಗೆ ಹೋಗಿದ್ದವು. ಅವನು ಬೇಗ ಬಂದಿದ್ದರೂ ಅವರು ಇನ್ನೂ ಬೇಗ ಬಂದಿದ್ದರು.

ತಪ್ಪು ಅವನದೇ. ಲೇಡಿಸ್ಮಿತ್ತಿನ ಔಷಧಿ ಅಂಗಡಿಯಲ್ಲಿ ವಾರವಿಡೀ ಮಾತ್ರೆ ಎಣಿಸುವ ಮರ್ವಿನ್ ಭಾನುವಾರಗಳಲ್ಲಿ ಒಬ್ಬನೇ ಬೈಕ್ ಹತ್ತುತ್ತಿದ್ದ. ಹಿಂದೆ ಐವರಿದ್ದರು. ಒಬ್ಬ ಸತ್ತ, ಇಬ್ಬರು ಬೈಕ್ ಮಾರಿದರು, ಇನ್ನೊಬ್ಬ ಹೆಂಡತಿಯ ಊರಿಗೆ ಹೋದ. ಅವನು ಸುತ್ತಿದ ದಾರಿಯನ್ನು ಫೋನು ಒಂದು ಗೆರೆಯಾಗಿ ಬರೆದುಕೊಳ್ಳುತ್ತಿತ್ತು. ಸಂಜೆ ಆ ಗೆರೆಯನ್ನು ಸವಾರರ ಜಾಲತಾಣಕ್ಕೆ ಕಳಿಸುತ್ತಿದ್ದ: ಎಲ್ಲಿ ಜಲ್ಲಿ ಸಡಿಲ, ಯಾವ ತಿರುವಿನಲ್ಲಿ ಮರಳು, ಪೆಟ್ರೋಲು ಎಲ್ಲಿ ಮುಗಿಯುತ್ತದೆ. ಕೇಪ್‌ಟೌನಿನಿಂದ ಜನ ಅವನ ಗೆರೆಗಳನ್ನು ನೋಡಿಯೇ ರಜೆಯ ಸವಾರಿ ಗೊತ್ತುಮಾಡಿಕೊಳ್ಳುತ್ತಿದ್ದರು. ತಾಣದಲ್ಲಿ ಅವನ ಹೆಸರು ಕ್ಲಿಪ್‌ಸ್ಪ್ರಿಂಗರ್, ಬಂಡೆಯಿಂದ ಬಂಡೆಗೆ ನೆಗೆಯುವ ಪುಟ್ಟ ಜಿಂಕೆ. ಮುಖ ಯಾರಿಗೂ ಗೊತ್ತಿರಲಿಲ್ಲ. ಎರಡು ಸಲ ‘ಶನಿವಾರ ಪೆಟ್ರೋಲ್ ಬಂಕಿನ ಹತ್ತಿರ ಇರ್ತೀನಿ, ಬರುವವರು ಬನ್ನಿ’ ಎಂದು ಬರೆದಿದ್ದ. ಯಾರೂ ಬಂದಿರಲಿಲ್ಲ.

ಅವನು ಕಂಡ ದಾರಿಗಳಲ್ಲೆಲ್ಲ ಸೊಗಸಾದದ್ದು ಇದು. ಎರಡು ಕಣಿವೆಗಳ ನಡುವೆ, ಕೆಂಪು ಬಂಡೆಗಳ ಬುಡದಲ್ಲಿ, ಸಾರ್ಲೀನ್ ಕ್ಯುಪಿಡೊಳ ಆಡಿನ ಫಾರ್ಮನ್ನು ಹಾದುಹೋಗುವ ದಾರಿ. ಇದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಪ್ರತಿ ಸಲವೂ ಗೆರೆಯಿಂದ ಈ ತುಂಡನ್ನು ಕತ್ತರಿಸಿ, ಬದಲಿಗೆ ಟಾರು ರಸ್ತೆಯನ್ನು ಬೆರಳಿನಿಂದ ಎಳೆದು ಕಳಿಸುತ್ತಿದ್ದ. ಹೋದ ಸಲ ಕತ್ತರಿಸುವ ಮೊದಲೇ ಕಳಿಸುವ ಗುಂಡಿ ಒತ್ತಿಬಿಟ್ಟಿದ್ದ. ಗೊತ್ತಾದದ್ದು ಇವತ್ತು, ಫೋನಿಗೆ ಕೊನೆಯ ಸಿಗ್ನಲ್ ಸಿಗುವ ಕಣಿವೆಯ ನೆತ್ತಿಯಲ್ಲಿ, ಯಾರೋ ‘ಬೆಳಿಗ್ಗೆಯೇ ಹೊರಟಿದ್ದೇವೆ’ ಎಂದು ಬರೆದದ್ದನ್ನು ಓದಿದಾಗ. ಅಳಿಸುವುದಕ್ಕಿಂತ ಮೊದಲು ಅವಳ ಕ್ಷಮೆ ಕೇಳಬೇಕೆನಿಸಿ ಇಳಿಜಾರಿನಲ್ಲಿ ನುಗ್ಗಿಸಿಕೊಂಡು ಬಂದಿದ್ದ.

ಅಂಗಳದಲ್ಲಿ, ಕೊಂಬೆ ಜೋತುಬಿದ್ದ ಪೆಪ್ಪರ್ ಮರದ ಕೆಳಗೆ ಏಳೆಂಟು ಬೈಕುಗಳು ನಿಂತಿದ್ದವು. ಅವನು ಯಾವಾಗಲೂ ನಿಲ್ಲಿಸುವ ನೆರಳಿನಲ್ಲಿ ಒಂದು ದೊಡ್ಡ ಹಳದಿ ಬೈಕಿತ್ತು. ಅವನು ಬಿಸಿಲಿನಲ್ಲಿ ನಿಲ್ಲಿಸಿದ.

“ಏಯ್, ಇನ್ನೊಬ್ಬ ಬಂದ ನೋಡ್ರೋ!” ಕೆಂಡದ ಮೇಲೆ ಸುಟ್ಟ ರೊಟ್ಟಿ ಅಗಿಯುತ್ತಿದ್ದ ಕೆಂಪು ಗಡ್ಡದ ದಢೂತಿ ಕೂಗಿದ. ಅವನ ಜಾಕೆಟ್ಟಿನ ಮೇಲೆ ಥ್ಯೂನ್ಸ್ ಎಂದು ಹೊಲಿದಿತ್ತು. “ದಾರಿ ತಪ್ಪಿ ಬಂದ್ಯೇನಪ್ಪಾ, ಇಲ್ಲಾ ಕ್ಲಿಪ್‌ಸ್ಪ್ರಿಂಗರ್ ಗೆರೆ ಹಿಡ್ಕೊಂಡು ಬಂದ್ಯಾ?”

“ಗೆರೆ ಹಿಡ್ಕೊಂಡೇ,” ಎಂದ ಮರ್ವಿನ್.

“ಆ ಮಹಾರಾಯ ಸಿಕ್ರೆ ಒಂದ್ ಬಿಯರ್ ಕುಡಿಸ್ತೀನಿ, ಆಮೇಲೆ ಒಂದ್ ಒದೀತೀನಿ. ಪಕ್ಕದಲ್ಲೇ ಸ್ವರ್ಗ ಇಟ್ಕೊಂಡು ಇಷ್ಟು ದಿನ ಟಾರ್ ರೋಡಲ್ಲಿ ನಿದ್ದೆ ಹೊಡೆಸ್ದ ನಮಗೆ!”

“ನಾನ್ ಹೇಳಿರ್ಲಿಲ್ವಾ?” ಬೂಟು ಬಿಚ್ಚಿ ಕೂತಿದ್ದ ಹೆಂಗಸು ನಕ್ಕಳು. ಅವಳನ್ನು ಉಳಿದವರು ನೊಂಝಮೊ ಎನ್ನುತ್ತಿದ್ದರು. “ಅವನ ಗಂಟೆ ಲೆಕ್ಕ ಟಾರ್ ರೋಡಿಗೆ ಹೊಂದ್ತಾನೇ ಇರ್ಲಿಲ್ಲ. ಬೇಕಂತ ಬಚ್ಚಿಟ್ಟಿದ್ದ, ಜಿಪುಣ. ಗೆರೆ ಮೇಲೆ ಇಲ್ಲೊಂದು ದಪ್ಪ ಚುಕ್ಕೆ ಇತ್ತು. ಒಂದೂವರೆ ಗಂಟೆ ಕೂತಿದಾನೆ ಮನುಷ್ಯ! ಇಲ್ಲೇನೋ ರುಚಿಯಾದ್ದಿದೆ ಅಂತ ಅವಾಗ್ಲೇ ಅಂದ್ಕೊಂಡೆ. ಅಲ್ವಾ, ಟಾನಿ ಸಾರ್ಲೀನ್?”

ಬಂದ ಸ್ವಲ್ಪ ಹೊತ್ತಿನಲ್ಲೇ ಇವರಿಗೆ ಸಾರ್ಲೀನ್ ಟಾನಿ, ಅಂದರೆ ಚಿಕ್ಕಮ್ಮ. ಮರ್ವಿನ್ ಮೂರು ವರ್ಷವೂ ಮಿಸೆಸ್ ಕ್ಯುಪಿಡೊ ಎಂದೇ ಕರೆದಿದ್ದ.

ಸಾರ್ಲೀನ್ ಬಾಗಿಲಲ್ಲಿ ಕಾಫಿಯ ಜಗ್ಗು ಹಿಡಿದು ನಿಂತಿದ್ದಳು. ಹಸಿರು ಹೂವಿನ ಅಂಗಿ ತೊಟ್ಟಿದ್ದಳು. ಅದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಲಾರಿ ಓಡಿಸುತ್ತಿದ್ದ ಗಂಡ ವಾಲ್ವಿಸ್ ಬೇ ಬಂದರಿಗೆ ಹೋದವನು ಹಿಂದಿರುಗದ ಮೇಲೆ ಅವಳು ಈ ಕಣಿವೆಯಲ್ಲಿ ಆಡುಗಳ ಜೊತೆ ಮಾತಾಡಿಕೊಂಡಿದ್ದವಳು. ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಮರ್ವಿನ್ ಬಂದು ಕಾಫಿ ಕುಡಿಯುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಮೌನವನ್ನೇ ಅವನು ಎರಡು ವಾರ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಈಗ ಅವಳು ಅವನನ್ನೇ ನೋಡಿದಳು. ಜಿಪುಣ ಯಾರೆಂದು ಅವಳಿಗೆ ತಿಳಿಯಿತೆಂದು ಅವನಿಗೂ ತಿಳಿಯಿತು. ಅವಳು ತಿರುಗಿ ಥ್ಯೂನ್ಸನ ಲೋಟ ತುಂಬಿದಳು.

ಹೊರಡುವಾಗ ಥ್ಯೂನ್ಸ್ ಮರ್ವಿನ್‌ನ ಬೆನ್ನು ತಟ್ಟಿದ. “ಬಾರಪ್ಪಾ, ಸಾಲಿನ ಬಾಲದಲ್ಲಿ ಜಾಗ ಐತೆ. ಒಬ್ನೇ ಏನ್ ಧೂಳ್ ಕುಡೀತೀಯ?”

“ಆಮೇಲೆ ಬರ್ತೀನಿ.”

ಎಂಜಿನ್ನುಗಳ ಸದ್ದು ಬಂಡೆಗಳಿಗೆ ಬಡಿದು ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು. ನಂತರ ಆಡುಗಳ ಕೊರಳ ಗಂಟೆ ಕೇಳಿಸಿತು.

“ಕೂತ್ಕೊಳ್ಳಿ,” ಎಂದಳು ಸಾರ್ಲೀನ್. “ರೊಟ್ಟಿ ಖಾಲಿ ಆಯ್ತು. ಕಾಫಿ ತಳದಲ್ಲಿದೆ.”

“ನನ್ನಿಂದ ತಪ್ಪಾಯ್ತು. ಕತ್ತರಿಸೋದು ಮರ್ತೆ. ಗೇಟ್ ಬೇರೆ ತೆರ್ದಿಟ್ಟು ಹೋಗಿದಾರೆ.”

“ನಾನೇ ತೆರ್ದಿಟ್ಟೆ. ಆಡುಗಳ್ನ ಮೇಲಿನ ದೊಡ್ಡಿಗೆ ಹೊಡ್ದೆ. ನಿನ್ನೆಯಿಂದ ಬರ್ತಾನೇ ಇದಾರೆ.” ಅವಳು ಮೆಟ್ಟಿಲ ಮೇಲೆ ಕೂತಳು. “ಇಷ್ಟು ದಿನ ನೀವು ಯಾರ್ನೂ ಕರ್ಕೊಂಡು ಬರ್ಲಿಲ್ಲ. ಪಾಪ, ಇವ್ರಿಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ.”

“ಯಾರೂ ಇಲ್ಲ.”

“ನನಗೂ ಇರ್ಲಿಲ್ಲ. ಅದು ನಿಮಗೆ ಗೊತ್ತಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಪ್ರತಿ ಸಲ ಮನೆಗೆ ಹೋಗಿ, ಕೂತು, ನನ್ನ ಮನೇನ ಅಳಿಸ್ತಿದ್ರಾ?”

“ಮನೇನಲ್ಲ. ದಾರೀನ.”

“ದಾರಿ ಇಲ್ಲದ ಮನೆ ಯಾರಿಗೆ ಕಾಣ್ಸುತ್ತೆ?”

ಮರ್ವಿನ್ ಲೋಟದೊಳಗೆ ನೋಡಿದ. ತಳದ ಕಾಫಿಪುಡಿ ಅತ್ತಿತ್ತ ಸರಿಯಿತು. ಅವಳ ನೆಮ್ಮದಿ ಕೆಡದಿರಲಿ ಎಂದು, ಧೂಳು ಬೇಡ, ಗದ್ದಲ ಬೇಡ ಎಂದು ಹಾಗೆ ಮಾಡಿದೆನೆಂದು ಹೇಳಲು ಬಾಯಿ ತೆರೆದ. ಹಸಿರು ಅಂಗಿ ನೋಡಿ ಮುಚ್ಚಿದ. ನಂತರ, ಮೂರು ವರ್ಷ ಹೇಳದೆ ಉಳಿಸಿದ್ದನ್ನೆಲ್ಲ ಒಟ್ಟಿಗೆ ಹೇಳತೊಡಗಿದ:

“ಇನ್ನೂ ಹೊತ್ತು ಮೀರಿಲ್ಲ. ಈಗ್ಲೇ ಕಣಿವೆ ನೆತ್ತಿಗೆ ಹೋಗಿ, ಸಿಗ್ನಲ್ ಸಿಕ್ಕ ಕೂಡ್ಲೇ ಗೆರೆ ಅಳಿಸ್ಬಿಡ್ತೀನಿ. ಎರಡು ವಾರ ಹೋದ್ರೆ ಮರೀತಾರೆ, ಜನ ಹೊಸ ದಾರಿ ಹುಡ್ಕೊಂಡು ಹೋಗೋರೇ. ನಾನು ಪ್ರತಿ ಭಾನುವಾರನೂ ಬರ್ತೀನಿ. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತೆ, ಶನಿವಾರಾನೇ ಬಂದ್ಬಿಡ್ತೀನಿ, ಬೇಕಿದ್ರೆ. ಬೇಲಿ ಕೆಲ್ಸ ಇದ್ರೆ ಮಾಡ್ತೀನಿ. ಮಾತೂ ಆಡ್ತೀನಿ. ಮೊದಲಿನ ಹಾಗೇ, ನಾವಿಬ್ರೇ... ಸಾರ್ಲೀನ್.”

ಆ ಹೆಸರು ಅವನ ಬಾಯಲ್ಲಿ ಹೊಸದಾಗಿ ಕೇಳಿಸಿತು. ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಎದ್ದಳು.

“ಬೇಡ,” ಎಂದಳು. “ಅಳಿಸ್ಬೇಡಿ.”