ಕಂದೀಲು ಚಿತ್ರದ ಬಾಟಲಿ

ನನ್ನ ಅಕ್ಕ ಕರಿಯಕ್ಕನ ಬಗ್ಗೆ ಯಾರಾದರೂ "ಪಾಪ, ಏನೂ ತಿಳಿಯದ ಹೆಂಗಸು" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಕೆ ಓದಿಲ್ಲ, ನಿಜ. ಫೋನಿನಲ್ಲಿ ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗೀತು, ಅಷ್ಟೇ ಗೊತ್ತು. ಆದರೆ ಆನ್‌ಲೈನಿನಲ್ಲಿ ವಿಸ್ಕಿ ಮಾರಿ, ಒಂದಕ್ಕೆ ಇನ್ನೊಂದು ಕೊಟ್ಟು ಕೈತೊಳೆದುಕೊಂಡವನನ್ನು ಆಕೆ ದಾರಿಗೆ ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಳ್ಳಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಟೋ ಓಡಿಸುವ ಜಯಣ್ಣ ನಾನು, ಜಗಳ ಹೇಗೆ ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದಿನ ಮಾತ್ರ ನನ್ನ ಕೂಗಾಟ ನಡೆಯದೆ, ಕೊನೆಗೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡಿದೆ.

ವಿಸ್ಕಿ ಆಕೆಗಲ್ಲ, ನನಗೂ ಅಲ್ಲ. ತೀರಿಕೊಂಡ ನಮ್ಮ ಭಾವ ಗಾದ್ರಪ್ಪನಿಗೆ. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರು ಏನನ್ನು ಇಷ್ಟಪಡುತ್ತಿದ್ದರೋ ಅದೆಲ್ಲ ಬಾಳೆ ಎಲೆಯ ಮುಂದೆ ಬರಬೇಕು. ಹೋಳಿಗೆ ಇಷ್ಟ ಅಂದರೆ ಹೋಳಿಗೆ, ಬೀಡಿ ಸೇದುತ್ತಿದ್ದರೆ ಬೀಡಿ ಕಟ್ಟು. ಭಾವ ಹೋಗಿ ವರ್ಷ ತುಂಬಿ, ಹಿರಿಯರ ಸಾಲಿಗೆ ಸೇರಿದ ಮೇಲೆ ಬಂದ ಮೊದಲ ಎಡೆ ಅದು.

ಭಾವ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ವಾರವೆಲ್ಲ ಚೀಲ ಹೊತ್ತು ಶನಿವಾರ ಸಂಜೆ ಒಂದು ಕ್ವಾರ್ಟರ್ ಕುಡಿಯುತ್ತಿದ್ದ. ಮಿಲ್ಲಿನ ಹಿಂದೆ, ಬೇವಿನ ಮರದ ಕೆಳಗೆ, ನನ್ನ ಜೊತೆ. ಅಕ್ಕನ ಎದುರಿಗೆ ಒಂದು ದಿನವೂ ಮುಟ್ಟಿದವನಲ್ಲ. ಕುಡಿಯುತ್ತಿದ್ದದ್ದು ಒಂದೇ ಜಾತಿ, ಚೀಟಿಯ ಮೇಲೆ ಕಂದೀಲಿನ ಚಿತ್ರ ಇರುವುದು. ಆಮೇಲೆ ಲಿವರ್ ಕೆಟ್ಟಿತು. ಚಿತ್ರದುರ್ಗದ ಡಾಕ್ಟರು ಇನ್ನು ಒಂದು ತೊಟ್ಟೂ ಕೂಡದು ಅಂದರು. ಅಕ್ಕ ಮೂರು ವರ್ಷ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು, ನನ್ನನ್ನು ಮನೆಯ ಹತ್ತಿರಕ್ಕೂ ಬಿಡಲಿಲ್ಲ.

ಕೊನೆಯ ದಿನಗಳಲ್ಲಿ ಒಮ್ಮೆ ಭಾವ ಆಕೆಯ ಕೈ ಹಿಡಿದು ಕೇಳಿದನಂತೆ, ಒಂದೇ ಒಂದು ಗುಟುಕು ಅಂತ. ಅಕ್ಕ, "ಸತ್ತ ಮ್ಯಾಲೆ ಕುಡೀರಿ. ನಾನೇ ಇಡ್ತೀನಿ, ಕಂದೀಲಿಂದೇ ಇಡ್ತೀನಿ" ಅಂದಳಂತೆ. ಆತ ನಕ್ಕು ಭಾಷೆ ತೆಗೆದುಕೊಂಡ. ನಲವತ್ತು ವರ್ಷದ ಸಂಸಾರದಲ್ಲಿ ಆತ ಬಾಯಿಬಿಟ್ಟು ಕೇಳಿದ್ದು, ಆಕೆ ಇಲ್ಲ ಅಂದದ್ದು ಅದೊಂದೇ. ಹಾಗಾಗಿ ಎಡೆಯಲ್ಲಿ ಹೋಳಿಗೆ ತಪ್ಪಿದರೂ ಕಂದೀಲು ತಪ್ಪುವ ಹಾಗಿರಲಿಲ್ಲ.

ಆದರೆ ಆ ಜಾತಿ ಚಳ್ಳಕೆರೆಗೆ ಬರುವುದು ನಿಂತು ಎರಡು ವರ್ಷವಾಗಿತ್ತು. ಸಾಲದ್ದಕ್ಕೆ ಆ ವರ್ಷ ಅಮಾವಾಸ್ಯೆಯೂ ಗಾಂಧಿ ಜಯಂತಿಯೂ ಒಂದೇ ದಿನ ಬಿದ್ದು, ಎಡೆಯ ದಿನ ಬ್ರಾಂದಿ ಅಂಗಡಿಗಳೆಲ್ಲ ಬಂದ್. ಅಕ್ಕನ ಮಗಳು ಶಶಿರೇಖಾ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವಳು, ಫೋನಿನಲ್ಲಿ ಚುರುಕು. ಯಾವುದೋ ಆ್ಯಪಿನಲ್ಲಿ ಹುಡುಕಿ ಹುಡುಕಿ, ಮೊಳಕಾಲ್ಮೂರಿನ ಒಂದು ಅಂಗಡಿಯಲ್ಲಿ ಕಂದೀಲಿನದು ಒಂದೇ ಒಂದು ಹಾಫ್ ಬಾಟಲಿ ಇದೆ ಅಂತ ಪತ್ತೆ ಹಚ್ಚಿದಳು. ಮನೆಗೆ ತಂದುಕೊಡುವುದಿಲ್ಲ. ಫೋನಿನಲ್ಲೇ ಕಾಯ್ದಿರಿಸಿ, ಅಂಗಡಿಗೆ ಹೋಗಿ ನಂಬರು ತೋರಿಸಿ ತರಬೇಕು. ಹಬ್ಬಕ್ಕೆ ಐದು ದಿನ ಮುಂಚೆ ನಾನೇ ಹೋಗಿ ತಂದೆ.

ಇಲ್ಲೇ ನಾವು ಎಡವಿದ್ದು. ಎಡೆಗೆ ತಂದದ್ದನ್ನು ಎಡೆಗೆ ಮುಂಚೆ ಬಿಚ್ಚಬಾರದು, ಮೂಸಬಾರದು, ಹಿರಿಯರು ಮುಟ್ಟುವ ಮೊದಲು ಬೇರೆಯವರು ಮುಟ್ಟಿದರೆ ಅದು ಎಂಜಲು. ಹೊರಡುವಾಗಲೇ ಅಕ್ಕ, "ಲೇ ಜಯಣ್ಣ, ನಿನ್ ಮೂಗಿನ ಮ್ಯಾಲೆ ನಂಗೆ ನಂಬಿಕೆ ಇಲ್ಲ. ಕೊಟ್ಟಂಗೇ ತಗಂಡು ಬಾ" ಅಂದಿದ್ದಳು. ಅಂಗಡಿಯಲ್ಲಿ ಕೆಲಸದ ಹುಡುಗರು ರಟ್ಟಿನ ಡಬ್ಬಿಗೆ ಟೇಪು ಸುತ್ತಿ ಕೊಟ್ಟರು. ಜೀವಮಾನದಲ್ಲಿ ಮೊದಲನೇ ಸಲ ನಾನು ಅಕ್ಕ ಹೇಳಿದ ಹಾಗೆ ಕೇಳಿದೆ. ಆಕೆ ಆ ಡಬ್ಬಿಯನ್ನು ಭಾವನಿಗೆಂದು ತಂದ ಹೊಸ ಪಂಚೆಯಲ್ಲಿ ಸುತ್ತಿ ಗಂಟು ಹಾಕಿ ಅಟ್ಟದ ಮೇಲಿಟ್ಟಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತಕ್ಕೆ ಪಂಚೆ ಬಿಚ್ಚಿದರೆ, ಒಳಗೆ ಕಂದೀಲೂ ಇಲ್ಲ ಮಣ್ಣೂ ಇಲ್ಲ. ಚೀಟಿಯ ಮೇಲೆ ಯಾವುದೋ ಕೋಟೆಯ ಚಿತ್ರ.

ನಾನು ಬಾಟಲಿ ಹಿಡಿದು ನೋಡಿದೆ. "ಅಕ್ಕ, ಇದು ಅದಕ್ಕಿಂತ ಎರಡು ಪಟ್ಟು ದುಬಾರೀದು. ನಮಗೇ ಲಾಭ ಆತಲ್ಲ."

ಅಕ್ಕ ಒಲೆಯ ಮುಂದೆ ಕುಸಿದು ಕೂತಳು. "ಅವ್ರು ಇದನ್ನ ಕೇಳಿದ್ರೇನೋ?" ಅಂದಳು. ಬೆಳಗಿನಿಂದ ಹನಿ ನೀರೂ ಕುಡಿಯದ ಮುಖ. ಆ ಮುಖ ನೋಡಿ ನನಗೆ ನಾಚಿಕೆಯಾಯಿತು.

ಶಶಿರೇಖಾ ಆ್ಯಪಿಗೆ ದೂರು ಬರೆದಳು. ಬರೆದು ಮುಗಿಸುವ ಮೊದಲೇ ಉತ್ತರ ಬಂತು. ಸಾಮಾನು ಪಡೆದ ಇಪ್ಪತ್ನಾಲ್ಕು ಗಂಟೆಯೊಳಗೆ ದೂರು ಕೊಡಬೇಕಿತ್ತು, ಪರಿಶೀಲಿಸದೆ ಒಯ್ದದ್ದು ಗ್ರಾಹಕರ ತಪ್ಪು, ದೂರು ಮುಕ್ತಾಯಗೊಂಡಿದೆ, ನಿಮ್ಮ ದಿನ ಶುಭವಾಗಿರಲಿ. ಆ ಶುಭ ಓದಿ ನನ್ನ ತಲೆ ಕೆಟ್ಟಿತು. ಬಿಲ್ಲಿನ ಮೇಲೆ ಅಂಗಡಿಯವನ ನಂಬರಿತ್ತು, ಹೆಸರು ಗುರುಸ್ವಾಮಿ. ಫೋನ್ ಹಚ್ಚಿ ಅವನ ಏಳು ತಲೆಮಾರು ಜಾಲಾಡಿದೆ. ಗ್ರಾಹಕರ ಕೋರ್ಟು ಅಂದೆ, ಪೊಲೀಸು ಅಂದೆ, ಅಂಗಡಿ ಮುಂದೆ ಹತ್ತು ಆಟೋ ತಂದು ನಿಲ್ಲಿಸುತ್ತೇನೆ ಅಂದೆ. ಅವನು, "ದುಬಾರಿದು ಕೊಟ್ಟಿದ್ದೀನಲ್ರಿ, ಇನ್ನೇನು ಬೇಕು" ಅಂದು ಕಟ್ ಮಾಡಿದ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

"ಮುಗೀತಾ ನಿಂದು? ಇಲ್ಲಿ ಕೊಡು" ಅಂದಳು ಅಕ್ಕ. ಶಶಿರೇಖಾ ತನ್ನ ಫೋನಿನಿಂದ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿಕೊಟ್ಟಳು.

"ಗುರುಸ್ವಾಮಿ, ನಾನು ಚಳ್ಳಕೆರೆಯಿಂದ ಕರಿಯಕ್ಕ. ಕಂದೀಲು ಬಾಟ್ಲಿಯೋಳು. ಬೈಯಾಕೆ ಮಾಡಿಲ್ಲಪ್ಪ. ಒಂದ್ ಮಾತು ಕೇಳಾನ ಅಂತ."

"ಕೇಳಮ್ಮಾ" ಅಂದಿತು ಆ ಕಡೆಯ ದನಿ, ಹುಷಾರಾಗಿ.

"ನಿಮ್ಮನೇಲೂ ಇವತ್ತು ಎಡೆ ಐತಾ?"

"ಐತಮ್ಮಾ."

"ಯಾರಿಗಪ್ಪಾ?"

"ನಮ್ಮ ನಾಯನಗೆ. ನಮ್ಮಪ್ಪಗೆ."

"ಒಳ್ಳೇದು. ಎಡೆಗೆ ಏನಿಡ್ತೀರಿ?"

ಆ ಕಡೆ ಮಾತೇ ಇಲ್ಲ. ಕಟ್ ಆಯಿತೇನೋ ಅಂತ ನಾನು ಫೋನು ನೋಡಿದೆ, ಆಗಿರಲಿಲ್ಲ. ಅಕ್ಕ ಅವಸರ ಮಾಡಲಿಲ್ಲ. ಅವನು ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು.

"ತಿಳೀತು ಬಿಡಪ್ಪ" ಅಂದಳು ಅಕ್ಕ. "ಒಂದೇ ಇತ್ತು, ನಿಮ್ಮಪ್ಪಗೂ ಅದೇ ಬೇಕಾಗಿತ್ತು. ನಿನ್ ಬಾಟ್ಲಿ ತಗಂಡು ನಾನೇ ಬರ್ತೀನಿ. ಎಡೆ ಇಡೋದು ಒಂದ್ ಗಳಿಗೆ ತಡ ಮಾಡು."

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನಾನು ಹದಿನೈದು ನಿಮಿಷ ಕೂಗಾಡಿ ಕಿತ್ತುಕೊಳ್ಳಲಾಗದ ಸತ್ಯವನ್ನು ಆಕೆ ಮೂರು ಪ್ರಶ್ನೆಯಲ್ಲಿ ತೆಗೆದಿದ್ದಳು. ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ದುಡ್ಡಿಗೆ ಮೋಸ ಮಾಡೋನು ದುಬಾರೀದು ಕೊಡ್ತಾನೇನ್ಲೇ? ಅವ್ನಿಗೂ ಏನೋ ಗರಜು ಇರ್ಬೇಕು" ಅಂದಳು. ಅಡುಗೆಯನ್ನು ಮಗಳಿಗೆ ವಹಿಸಿ, ಕೋಟೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಆಟೋ ಹತ್ತಿದಳು.

ತಳಕು ದಾಟಿ ಹಾನಗಲ್ ಮುಟ್ಟುವವರೆಗೂ ನಾನು ಬೈಯುತ್ತಲೇ ಇದ್ದೆ. ಒಂದು ಕಡೆ ನಿಲ್ಲಿಸಿ ಟೀ ಕುಡಿ ಅಂದರೆ ಕೇಳಲಿಲ್ಲ. ಎಡೆ ಇಡದೆ ಬಾಯಿಗೆ ಏನೂ ಹಾಕಲ್ಲ ಅಂದಳು. ಆಮೇಲೆ ಒಂದೇ ಮಾತು, "ಸಿಗದೇ ಹೋದ್ರೆ ಏನು ಮುಖ ಇಟ್ಕಂಡು ಅವ್ರ ಫೋಟೋ ಮುಂದೆ ನಿಲ್ಲಲಿ" ಅಂದಳು. ನಾನು ಬೈಯುವುದು ಬಿಟ್ಟು ಗಾಡಿ ಓಡಿಸಿದೆ.

ಮೊಳಕಾಲ್ಮೂರಿನಲ್ಲಿ ಗುರುಸ್ವಾಮಿಯ ಮನೆ, ಫೋನಿನಲ್ಲಿ ಅವನೇ ಗುರುತು ಹೇಳಿದ ಹಾಗೆ, ನೇಕಾರರ ಓಣಿಯಲ್ಲಿ. ಹಬ್ಬ ಅಂತ ಮಗ್ಗಗಳೆಲ್ಲ ನಿಂತಿದ್ದವು. ಹುರಿಮೀಸೆಯ ಒಬ್ಬ ಖದೀಮನನ್ನು ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಬಾಗಿಲಿಗೆ ಬಂದವನು ಸಣಕಲು ಮನುಷ್ಯ, ಒದ್ದೆ ತಲೆ, ಹೆಗಲ ಮೇಲೆ ಟವೆಲ್ಲು. ಅಕ್ಕನ ಮುಖ ನೋಡಲಾಗದೆ ನೆಲ ನೋಡುತ್ತಿದ್ದ. ಪಡಸಾಲೆಯಲ್ಲಿ ಅವನ ಅಪ್ಪನ ಫೋಟೋ, ಮುಂದೆ ಎಲೆ ಹಾಸಿತ್ತು. ಎಲೆಯ ಪಕ್ಕ ತಟ್ಟೆಯಲ್ಲಿ, ಸೀಲು ಒಡೆಯದ ಕಂದೀಲು ಬಾಟಲಿ.

ಅಕ್ಕ ಮಡಿಲಿನ ಬಾಟಲಿ ತೆಗೆದು ಅವನ ಕೈಗಿಟ್ಟಳು. "ನಿಂದು. ಮುಟ್ಟಿಲ್ಲ, ಮೂಸಿಲ್ಲ."

ಒಳಗಿಂದ ಅವನ ತಾಯಿ ಪೆದ್ದಮ್ಮ ಬಂದರು, ಎಂಬತ್ತರ ಹತ್ತಿರದ ಮುದುಕಿ. "ಏಮ್ರಾ, ಎವರು ವೀಳ್ಳು?" ಅಂದರು. ಯಾರು ಇವರು ಅಂತ, ತೆಲುಗಿನಲ್ಲಿ. ಗುರುಸ್ವಾಮಿ ತಡವರಿಸಿದ. ಅಕ್ಕ ತಾನೇ ಹೇಳಿದಳು, ದೂರಿನ ದನಿಯೇ ಇಲ್ಲದೆ. ಗಂಡ ಕೇಳಿದ್ದು, ತಾನು ಭಾಷೆ ಕೊಟ್ಟಿದ್ದು, ಫೋನಿನಲ್ಲಿ ಕಾಯ್ದಿರಿಸಿದ್ದು, ಬೇರೆಯದು ಬಂದದ್ದು.

ಪೆದ್ದಮ್ಮ ಮಗನ ಕಡೆ ತಿರುಗಿದರು. "ಹೌದೇನೋ?"

"ಹೌದಮ್ಮಾ. ಇದ್ದದ್ದು ಒಂದೇ. ನಾಯನ ಬೇರೇದು ಮುಟ್ಟುತ್ತಿರಲಿಲ್ಲ, ನಿನಗೇ ಗೊತ್ತಲ್ಲ. ಅವರಿಗೆ ಇದಕ್ಕಿಂತ ಒಳ್ಳೇದು ಕೊಟ್ಟೆ, ಯಾರು ಬೇಡ ಅಂತಾರೆ ಅಂದ್ಕೊಂಡೆ. ಕುಡಿಯೋರಿಗೆ ಅಂದ್ಕೊಂಡೆ, ಎಡೆಗೆ ಅಂತ ಗೊತ್ತಿರಲಿಲ್ಲ."

ಮುದುಕಿ ಗೋಡೆ ಹಿಡಿದು ನಿಂತರು. "ನಿಮ್ಮ ನಾಯನ ಏನಂತಿದ್ದ? ಸೀರೆ ಮಗ್ಗದ ಮೇಲಿದ್ದಾಗಲೇ ಅದು ನೇಯಾಕೆ ಹೇಳಿದೋರ್ದು ಅಂತಿದ್ದ. ಸಾಹುಕಾರ ಬಂದು ಡಬಲ್ ಕೊಡ್ತೀನಿ ಅಂದ್ರೂ ಯಾರೋ ಬಡವರ ಮಗಳ ಮದುವೆಗೆ ನೇಯ್ದ ಸೀರೆ ಅವನಿಗೆ ಕೊಡ್ಲಿಲ್ಲ. ಆಯಪ್ಪನ ಎಲೆಗೆ ಬೇರೆಯೋರ ಪಾಲು ತಂದಿಟ್ಟೆಯಾ? ತೆಗಿ. ಆಯಮ್ಮನಿಗೆ ಕೊಡು."

ಗುರುಸ್ವಾಮಿಯ ಕಣ್ಣಲ್ಲಿ ನೀರು ಬಂತು. ಬಾಟಲಿ ಎತ್ತಿ ಎರಡೂ ಕೈಯಲ್ಲಿ ಅಕ್ಕನ ಮುಂದೆ ಹಿಡಿದ. ನಾನಾಗಿದ್ದರೆ ಕಿತ್ತುಕೊಂಡು, ಎರಡು ಮಾತು ಸೇರಿಸಿ ಬೈದು, ಆಟೋ ಹತ್ತುತ್ತಿದ್ದೆ. ಗೆದ್ದೆವಲ್ಲ, ಇನ್ನೇನು?

ಅಕ್ಕ ಫೋಟೋದಲ್ಲಿದ್ದ ಮುದುಕನನ್ನು ಒಂದು ಸಲ ನೋಡಿದಳು. "ಬ್ಯಾಡಪ್ಪ, ಪೂರಾ ಬ್ಯಾಡ. ಅವ್ರೂ ಕಾಯ್ತಿರ್ತಾರೆ. ಅರ್ಧ ನಿಮ್ಮೋರಿಗೆ, ಅರ್ಧ ನಮ್ಮೋರಿಗೆ."

ಪೆದ್ದಮ್ಮನೇ ಹೊಸ ಲೋಟ ತಂದರು. ಹಿರಿಯರಿಗೆಂದೇ ಬಿಚ್ಚಿದರೆ ಎಂಜಲಲ್ಲ ಅಂದಳು ಅಕ್ಕ, ಗುರುಸ್ವಾಮಿ ಸೀಲು ಒಡೆದು ಅರ್ಧ ಸುರಿದುಕೊಂಡ. ಕಂದೀಲು ಚಿತ್ರದ ಬಾಟಲಿ ನೀವೇ ಒಯ್ಯಿರಿ, ಚಿತ್ರ ಇಲ್ಲದಿದ್ದರೂ ನಮ್ಮಾಯಪ್ಪ ವಾಸನೆಯಲ್ಲೇ ಗುರುತು ಹಿಡೀತಾನೆ ಅಂದರು ಪೆದ್ದಮ್ಮ. ಇಬ್ಬರು ಹೆಂಗಸರೂ ನಕ್ಕರು. ಇಬ್ಬರೂ ಗಂಡಂದಿರ ಕುಡಿತಕ್ಕೆ ಅದೆಷ್ಟು ಅತ್ತವರೋ. ಗುರುಸ್ವಾಮಿ ಕೋಟೆ ಬಾಟಲಿಯನ್ನೂ ಒಯ್ಯಿರಿ, ದುಡ್ಡೂ ವಾಪಸ್ ಹಾಕುತ್ತೇನೆ ಅಂತ ಗೋಗರೆದ. ನನಗೆ ಆ ಬಾಟಲಿಯ ಮೇಲೆ ಕಣ್ಣು ಹೋಗಿದ್ದು ಸುಳ್ಳಲ್ಲ. ಅಕ್ಕ ಎರಡೂ ಬೇಡ ಅಂದಳು.

"ಒಂದ್ ಕೆಲ್ಸ ಮಾಡು. ನಮ್ ಹುಡುಗಿ ಬರ್ದಿದ್ದಕ್ಕೆ ಅದ್ಯಾರೋ ನಮ್ದೇ ತಪ್ಪು ಅಂತ ಹಾಕವ್ರೆ. ಅಲ್ಲಿ ಸರಿಯಾಗಿ ಬರಿ. ಇನ್ಮ್ಯಾಲೆ ಬದಲಿ ಕೊಡೋವಾಗ ಒಂದ್ ಮಾತು ಕೇಳಿ ಕೊಡು. ಯಾರು ಯಾತಕ್ಕೆ ತಗಂತಾರೋ ನಿಂಗೇನು ಗೊತ್ತು."

ಅವನು ನಮ್ಮ ಎದುರಿಗೇ ಫೋನು ತೆಗೆದು ಬರೆದ. ತಪ್ಪು ಅಂಗಡಿಯದು, ಗ್ರಾಹಕರದಲ್ಲ. ನಾನು ಎರಡು ಸಲ ಓದಿ ನೋಡಿದೆ. ಇಂಥ ಅಕ್ಕನ ತಮ್ಮ ನಾನು ಅಂತ ಆ ಓಣಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು ಅನ್ನಿಸಿತು.

ಚಳ್ಳಕೆರೆ ಮುಟ್ಟಿದಾಗ ಸಂಜೆ ಐದಾಗಿತ್ತು. ಶಶಿರೇಖಾ ಎಲೆ ಹಾಸಿ, ಮುದ್ದೆ, ಕೋಳಿ ಸಾರು, ಹೋಳಿಗೆ ಎಲ್ಲ ಬಡಿಸಿ, ಪಂಚೆ ಮಡಚಿ ಇಟ್ಟು ಕಾಯುತ್ತಿದ್ದಳು. ಅಕ್ಕ ತಲೆಗೆ ನೀರು ಹಾಕಿಕೊಂಡು ಬಂದಳು. ಭಾವನ ಫೋಟೋದ ಮುಂದೆ ಕೂತು, ಅವನ ಸ್ಟೀಲ್ ಲೋಟಕ್ಕೆ ಬಾಟಲಿಯನ್ನು ಬಗ್ಗಿಸಿದಳು. ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಜಯಣ್ಣ, ಅವ್ರು ನೀರು ಎಷ್ಟು ಹಾಕ್ಕಂತಿದ್ರು?"

ನಲವತ್ತು ವರ್ಷ ಅವನ ಜೊತೆ ಬಾಳಿದವಳು ಅದನ್ನು ನನ್ನನ್ನು ಕೇಳಬೇಕಾಗಿತ್ತು.

"ಅರ್ಧಕ್ಕರ್ಧ, ಅಕ್ಕ."

ಆಕೆ ಚೊಂಬು ಎತ್ತಿ ನೀರು ಬೆರೆಸಿದಳು. ಅರ್ಧ ದಾಟಿತು. ಇನ್ನೂ ಸುರಿದಳು. ಬಣ್ಣ ತೆಳುವಾಗಿ, ಲೋಟ ಕಂಠಮಟ್ಟ ತುಂಬುವವರೆಗೂ ಸುರಿದಳು.

"ಅಕ್ಕ, ಜಾಸ್ತಿ ಆತು. ಭಾವ ಬೈತಾನೆ."

"ಬೈದ್ರೆ ಬೈಲಿ" ಅಂದಳು ಅಕ್ಕ. "ಡಾಕ್ಟ್ರು ಹೇಳಿದ್ದು ನೀವಿಬ್ರೂ ಮರೀಬೋದು, ನಾನು ಹೆಂಗೆ ಮರೀಲಿ." ಸೆರಗಿನಿಂದ ಲೋಟದ ಅಂಚು ಒರೆಸಿ, ಎಲೆಯ ಬಲಗಡೆ ಇಟ್ಟಳು.