ಯಾವ ಮಗಾ?

ನನ್ನ ಹೆಂಡತಿಯ ಮಗಳು ನನ್ನನ್ನು ಏನಂತಲೂ ಕರೆಯುವುದಿಲ್ಲ. ಅವಳ ಹೆತ್ತ ಅಪ್ಪ ತೀರಿಹೋಗಿದ್ದಾರೆ; ನಾನು ಈ ಮನೆಗೆ ಬಂದು ಎರಡು ವರ್ಷವಾಯಿತು. ಅಪ್ಪ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ, ಅಂಕಲ್ ಎಂದರೆ ಅವಳಮ್ಮ ಕಣ್ಣು ಕೆಂಪಗೆ ಮಾಡುತ್ತಾಳೆ. ಹಾಗಾಗಿ "ಊಟಕ್ಕೆ ಬರ್ಬೇಕಂತೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುತ್ತಾಳೆ. ಮೊಬೈಲಿನಲ್ಲೂ ಅಷ್ಟೇ: "ಹಾಲು", "ಕೀ ಎಲ್ಲಿ". ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಂತ ನಾನೇನು ಕಮ್ಮಿ? ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ನಮ್ಮಮ್ಮ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳನ್ನೂ "ಮಗಾ" ಎನ್ನುತ್ತಿದ್ದಳು. ಆ ಮಾತು ಎಷ್ಟೋ ಸಲ ನಾಲಿಗೆ ತುದಿಗೆ ಬಂದು ವಾಪಸ್ಸು ಹೋಗಿದೆ. "ನಾನ್ಯಾಕೆ ನಿಮ್ಮ ಮಗು?" ಎಂದುಬಿಟ್ಟರೆ ಎಂಬ ಭಯ.

ನಾನು ಫ್ರಿಜ್ ರಿಪೇರಿಯವನು. ಆವತ್ತು ಬೇಕರಿಯೊಂದರಲ್ಲಿ ಫ್ರಿಜ್ಜಿನ ಹಿಂದೆ ಮೊಣಕಾಲೂರಿ ಗ್ಯಾಸ್ ತುಂಬುತ್ತಿದ್ದೆ. ಮೊಬೈಲ್ ಟಿಣ್ ಎಂದಿತು. ಇಂಗ್ಲಿಷ್ ಅಕ್ಷರದಲ್ಲಿ, ಸ್ವರಗಳನ್ನೆಲ್ಲ ಅರ್ಧ ನುಂಗಿ, ಅವಳು ಬರೆದಿದ್ದಳು: "ಮಗಾ ಸತ್ತೆ. ಬೇಗ ಬಾ. ಕಾಲೇಜ್ ಗೇಟ್."

ಗ್ಯಾಸ್ ಪೈಪು ಅಲ್ಲೇ ಬಿಟ್ಟು ಎದ್ದೆ. ಫೋನ್ ಮಾಡಿದರೆ ಎತ್ತಲಿಲ್ಲ. "ಬಂದೆ ಮಗಾ" ಎಂದು ಬೆರಳು ತಾನಾಗಿ ಒತ್ತಿತು. ಬೇಕರಿಯವರು "ಐಸ್‌ಕ್ರೀಮ್ ಕರಗುತ್ತೆ ಮಾರಾಯ್ರೇ!" ಎಂದು ಕೂಗುತ್ತಿದ್ದರೂ ಸ್ಕೂಟರ್ ಹತ್ತಿದೆ.

ಗೇಟಿನ ಹತ್ತಿರ ಪ್ರಿನ್ಸಿಪಾಲರ ಕಾರಿನ ಮೇಲೆ ಬೆಕ್ಕೊಂದು ಮಲಗಿತ್ತು. ಅದನ್ನು ಎಬ್ಬಿಸಲು ಅವರು ಹುಶ್ ಹುಶ್ ಎನ್ನುತ್ತಿದ್ದರು. ಇವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸತ್ತವಳ ಲಕ್ಷಣ ಒಂದೂ ಇರಲಿಲ್ಲ.

"ನೀವ್ಯಾಕೆ ಬಂದ್ರಿ?" ಎಂದಳು.

"ಸತ್ತೆ ಅಂತ ಬರ್ದಿದ್ದೆಯಲ್ಲ!"

"ಅಯ್ಯೋ, ನಕ್ಕು ನಕ್ಕು ಸತ್ತೆ ಅಂತ. ಫ್ರೆಂಡಿಗೆ ಕಳ್ಸೋದು ನಿಮಗೆ ಬಂದ್ಬಿಡ್ತು. ಆಗ್ಲೇ ಅಳಿಸ್ದೆನಲ್ಲ."

"ನಕ್ಕೋರು ನಕ್ಕೆ ಅಂತ ಬರೀಬೇಕು! ನನ್ನ ಜೀವ ಬಾಯಿಗೆ ಬಂದಿತ್ತು."

ಅವಳು ಮೊಬೈಲಿನಲ್ಲಿ ನನ್ನ "ಬಂದೆ ಮಗಾ" ನೋಡಿದಳು. ನಗು ನಿಂತಿತು.

"ಇದು ಯಾವ ಮಗಾ? ನಾವು ಫ್ರೆಂಡ್ಸೆಲ್ಲ ಅಂತೀವಲ್ಲ, ಅದಾ?"

ಹೌದು ಎಂದು ಜಾರಿಕೊಳ್ಳಬಹುದಿತ್ತು. ಆದರೆ ಭಯಪಟ್ಟು ಪಟ್ಟು ನನಗೂ ಸಾಕಾಗಿತ್ತು.

"ಅಲ್ಲ," ಎಂದೆ. "ನಮ್ಮಮ್ಮ ನಮ್ಮನ್ನೆಲ್ಲ ಕರೀತಿದ್ದ ಮಗಾ."

ಅವಳು ಮೊಬೈಲ್ ಬ್ಯಾಗಿಗೆ ಹಾಕಿಕೊಂಡು ಗೇಟಿನೊಳಗೆ ಹೋದಳು. ಎಲ್ಲ ಕೆಡಿಸಿಕೊಂಡೆ ಎಂದುಕೊಂಡು ಬೇಕರಿಗೆ ವಾಪಸ್ಸು ಬಂದೆ. ಅವರಿಂದ ಚೆನ್ನಾಗಿ ಬೈಸಿಕೊಂಡು ಮತ್ತೆ ಫ್ರಿಜ್ಜಿನ ಹಿಂದೆ ಕೂತೆ. ಮೊಬೈಲ್ ಟಿಣ್ ಎಂದಿತು. ಈ ಸಲ ಕನ್ನಡದ ಅಕ್ಷರ, ಒಂದು ಸ್ವರವನ್ನೂ ನುಂಗಿರಲಿಲ್ಲ.

"ಅಪ್ಪಾ, ಬರುವಾಗ ಹಾಲು ತನ್ನಿ."

ಇದೂ ಯಾರಿಗೋ ಕಳಿಸಿದ್ದಿರಬೇಕು, ಈಗ ಅಳಿಸುತ್ತಾಳೆ ಎಂದು ನೋಡುತ್ತಾ ಕೂತೆ. ಅಳಿಸಲಿಲ್ಲ.